ಅಂಗಳದ ಕೊಳ, ಸೊಪ್ಪಿನ ಮಡಿ

ಒಮ್ಮೆ ಬಳಸಿದ ನೀರನ್ನು ಮತ್ತೊಮ್ಮೆ ಬಳಸುವುದು ನಮ್ಮ ಹಿರಿಯರಿಗೆ ಹೊಸ ವಿದ್ಯೆಯೇನೂ ಆಗಿರಲಿಲ್ಲ. ಬಚ್ಚಲ ನೀರು ಹಿತ್ತಲಿನ ಬಾಳೆಯ ಬುಡಕ್ಕೆ, ಅಕ್ಕಿ ತೊಳೆದ ನೀರು ಕರೆಯುವ ಎಮ್ಮೆಯ ಬಾನಿಗೆ, ಪಾತ್ರೆ ತೊಳೆದ ನೀರು ತೆಂಗಿನ ಪಾತಿಗೆ ಹೋಗುತ್ತಿದ್ದ ಮನೆಗಳಲ್ಲಿ ಬೆಳೆದವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಹಿತ್ತಲು ಹೋಗಿ ಕಾಂಪೌಂಡು ಬಂದ ಮೇಲೆ ಈ ಪದ್ಧತಿ ಮರೆಯಾಯಿತು. ನೀರು ನಲ್ಲಿಯಲ್ಲಿ ಬಂದು ಮೋರಿಯಲ್ಲಿ ಹೋಗುವ ಅತಿಥಿಯಾಯಿತು. ಈ ಅತಿಥಿಯನ್ನು ಮನೆಯಲ್ಲಿ ಕೆಲಕಾಲ ಉಳಿಸಿಕೊಂಡು, ಅವನಿಂದ ಎರಡು ಮೂರು ಜೀವವರ್ಗಗಳಿಗೆ ಅನ್ನ ದೊರಕಿಸುವ ಒಂದು ಏರ್ಪಾಡಿನ ಬಗ್ಗೆ ನಾವು ಕಂಡುಂಡದ್ದನ್ನು ಓದುಗ ಬಂಧುಗಳ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಈ ಏರ್ಪಾಡಿಗೆ ಅಕ್ವಾಪೋನಿಕ್ಸ್ ಎಂದು ಹೆಸರು. ಹೆಸರು ವಿದೇಶದ್ದಾದರೂ ತತ್ತ್ವ ಸರಳವಾದುದು. ಒಂದು ಕೊಳದಲ್ಲಿ ಮೀನುಗಳಿರುತ್ತವೆ. ಆ ಕೊಳದ ನೀರು ಪಂಪಿನ ಮೂಲಕ ಮೇಲೇರಿ, ಜಲ್ಲಿ ತುಂಬಿದ ಮಡಿಯೊಂದನ್ನು ಹಾದು, ಮತ್ತೆ ತಾನಾಗಿಯೇ ಕೊಳಕ್ಕೆ ಇಳಿಯುತ್ತದೆ. ಮಡಿಯಲ್ಲಿ ಮಣ್ಣಿಲ್ಲ, ಜಲ್ಲಿಯಲ್ಲಿಯೇ ಗಿಡಗಳು ಬೇರೂರುತ್ತವೆ. ಮೀನಿನ ಮಲಿನವು ಗಿಡಕ್ಕೆ ಆಹಾರವಾಗುತ್ತದೆ, ಗಿಡವು ಮೀನಿಗೆ ನೀರನ್ನು ಶುದ್ಧಮಾಡಿ ಕೊಡುತ್ತದೆ. ಅಮೆರಿಕದ ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಾಕೋಸಿ ಎಂಬ ವಿಜ್ಞಾನಿಯು ದಶಕಗಳ ಕಾಲ ಇದರ ಲೆಕ್ಕಾಚಾರಗಳನ್ನು ಖಚಿತಪಡಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಚಿಕ್ಕ ಪ್ರಮಾಣದ ಘಟಕಗಳಿಗಾಗಿಯೇ ಒಂದು ಕೈಪಿಡಿಯನ್ನು ಹೊರತಂದಿತು. ಅಲ್ಲಿ ಬಹುಮಟ್ಟಿಗೆ ಮೀನು ಸಾಕುವುದು ತಿನ್ನುವುದಕ್ಕಾಗಿ. ನಮ್ಮಂಥ ಮನೆಗಳಲ್ಲಿ ಆ ಮಾತೇ ಇಲ್ಲ. ಕಣ್ಣಿಗೆ ತಂಪಾಗುವ ಬಣ್ಣದ ಮೀನುಗಳನ್ನು ಸಾಕಿ, ಸೊಪ್ಪನ್ನು ಮಾತ್ರ ಊಟಕ್ಕೆ ತೆಗೆದುಕೊಳ್ಳುವುದು ನಾವು ಹಿಡಿದ ದಾರಿ.

ಆದರೆ ಈ ದಾರಿಗೆ ಮೊದಲ ತಡೆ ನಮ್ಮ ಮನೆಯೊಳಗಿನಿಂದಲೇ ಬಂದಿತು. ನಮ್ಮ ವಾಸ ಹೊಸಪೇಟೆಯಲ್ಲಿ; ಮೂಲ ಊರು ಕಂಪ್ಲಿ. ತಾಯಿಯವರು ಅಲ್ಲಿಯ ಗದ್ದೆ ಬಯಲಿನಲ್ಲಿಯೇ ಬಾಳುವೆ ಮಾಡಿದವರು, ಈಗ ನಮ್ಮೊಡನಿದ್ದಾರೆ. ನಿತ್ಯ ಇಷ್ಟಲಿಂಗ ಪೂಜೆಯಾಗದೆ ಒಂದು ಗುಟುಕು ನೀರನ್ನೂ ಮುಟ್ಟುವವರಲ್ಲ. ಕೊಳದ ವಿಚಾರ ಕೇಳಿದೊಡನೆ ಅವರು ಕೇಳಿದ ಪ್ರಶ್ನೆ ನೇರವಾಗಿತ್ತು: “ಮೀನು ಮುಟ್ಟದ ಮನಿ ನಮ್ಮದು. ಮೀನಿನ ಹೊಲಸು ಕುಡಿದ ಸೊಪ್ಪನ್ನ ಒಲಿ ಮ್ಯಾಲೆ ಹೆಂಗ ಇಡೂದಪ್ಪಾ?”

“ಸಗಣಿ ಗೊಬ್ಬರದಾಗ ಬೆಳೆದದ್ದನ್ನ ಉಣ್ಣತೀವಲ್ಲವ್ವಾ. ಪೂಜೆಗೆ ತರೋ ಹೊಳಿ ನೀರಿನಾಗೂ ಮೀನು ಅದಾವ” ಎಂದೆವು.

“ಹೊಳಿ ಹರೀತೈತಿ. ನಿಮ್ಮ ತೊಟ್ಟಿ ನಿಂತಿರತೈತಿ” ಎಂಬುದು ಅವರ ಉತ್ತರ.

ಈ ಮಾತನ್ನು ನಾವು ಹಳೆಯ ಕಾಲದವರ ಮಡಿವಂತಿಕೆಯೆಂದು ತಳ್ಳಿಹಾಕಲಿಲ್ಲ. ಏಕೆಂದರೆ ಅದು ವಿಜ್ಞಾನದ ಮಾತೂ ಹೌದು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ನಿಂತ ನೀರಿನಲ್ಲಿ ಅದು ಸಂಗ್ರಹವಾಗಿ ಮೀನನ್ನೇ ಕೊಲ್ಲುತ್ತದೆ. ಹರಿಯುವ ನೀರು ಜಲ್ಲಿಯ ನಡುವೆ ಹಾದಾಗ ಅಲ್ಲಿ ನೆಲೆಸಿರುವ ಒಂದು ಬಗೆಯ ಅಣುಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಸಹ ಮೀನಿಗೆ ವಿಷವೇ. ಇನ್ನೊಂದು ಬಗೆಯ ಅಣುಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಈ ನೈಟ್ರೇಟ್ ಮೀನಿಗೆ ಅಷ್ಟಾಗಿ ಬಾಧಕವಲ್ಲ, ಗಿಡಕ್ಕೆ ಮಾತ್ರ ಮೃಷ್ಟಾನ್ನ. ಕಣ್ಣಿಗೆ ಕಾಣದ, ಹೆಸರು ಕೇಳದ ಈ ಜೀವಿಗಳ ಕಾಯಕವಿಲ್ಲದಿದ್ದರೆ ಮೀನೂ ಇಲ್ಲ, ಸೊಪ್ಪೂ ಇಲ್ಲ. ತಾಯಿಯವರು ಬೇಡಿದ ಹರಿವನ್ನು ಅಂಗಳದ ತೊಟ್ಟಿಯಲ್ಲಿ ಏರ್ಪಡಿಸುವುದೇ ಈ ವಿದ್ಯೆಯ ಒಟ್ಟು ಸಾರ.

ಹರಿವಿನ ಪಾಠ ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಹಂಪಿಯ ರಾಜಾವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಪುಷ್ಕರಣಿಯನ್ನು ಬಹುತೇಕ ಓದುಗರು ನೋಡಿರುತ್ತಾರೆ. ನಯವಾದ ಕಪ್ಪು ಕಲ್ಲಿನ ಸೋಪಾನಗಳು, ಯಾವ ಕಲ್ಲು ಎಲ್ಲಿ ಕೂಡಬೇಕೆಂದು ಶಿಲ್ಪಿಗಳು ಕೊರೆದ ಗುರುತುಗಳು ಎಲ್ಲರ ಗಮನ ಸೆಳೆಯುತ್ತವೆ. ಅದರ ಪಕ್ಕದಲ್ಲಿ ಕಲ್ಲಿನ ಕಂಬಗಳ ಮೇಲೆ ಸಾಗಿರುವ ಕಲ್ಲಿನ ದೋಣಿಗಾಲುವೆಯನ್ನು ಮಾತ್ರ ಅನೇಕರು ನೋಡದೆಯೇ ಹೋಗುತ್ತಾರೆ. ಪುಷ್ಕರಣಿಗೆ ಜೀವ ಕೊಟ್ಟದ್ದು ಆ ಕಾಲುವೆ. 1443ರಲ್ಲಿ ಇಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನೂ ನಯವಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಅರಮನೆಗಳು ಹಾಳಾದವು, ಆದರೆ ತುರ್ತು ಕಾಲುವೆಯ ನೀರು ಇಂದಿಗೂ ಹಂಪಿಯ ಬಾಳೆಯ ತೋಟಗಳಿಗೆ ಹರಿಯುತ್ತಿದೆ. ಒಂದೆಡೆ ನೀರನ್ನು ಎತ್ತರಕ್ಕೆ ತಂದುಬಿಟ್ಟರೆ ಉಳಿದ ಕೆಲಸವನ್ನು ಇಳಿಜಾರು ತಾನೇ ಮಾಡುತ್ತದೆ ಎಂಬುದು ಅಂದಿನವರ ಸೂತ್ರ. ನಮ್ಮ ಕೊಳದಲ್ಲಿಯೂ ಪಂಪು ಒಮ್ಮೆ ಎತ್ತುತ್ತದೆ; ಮುಂದೆಲ್ಲ ಇಳಿಜಾರಿನ ಕೆಲಸ.

ಇನ್ನು ಕೊಳದ ವಿವರ. ಆರು ಅಡಿ ಉದ್ದ, ಮೂರು ಅಡಿ ಅಗಲದ ತೊಟ್ಟಿಯಲ್ಲಿ ಎರಡು ಅಡಿ ನೀರು ನಿಲ್ಲಿಸಿದರೆ ಸುಮಾರು 1000 ಲೀಟರ್ ಆಗುತ್ತದೆ. ಅದರ ಪಕ್ಕದಲ್ಲಿ, ಕೊಳದ ದಂಡೆಗಿಂತ ಎತ್ತರದಲ್ಲಿ, ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಮಡಿ. ಈ ಮಡಿಗೆ ಹಿಡಿಸುವ ಆರು ಘನ ಅಡಿ ಜಲ್ಲಿಯ ತೂಕವೇ ಎರಡೂವರೆ ಕ್ವಿಂಟಾಲಿನಷ್ಟಾಗುತ್ತದೆ. ನೀರಿನ ಭಾರ ಬೇರೆ. ಆದಕಾರಣ ಇಟ್ಟಿಗೆಯ ಗಟ್ಟಿಯಾದ ಕಟ್ಟೆ ಬೇಕು. ಮಾಳಿಗೆಯ ಮೇಲೆ ಮಾಡಬಯಸುವವರು ಬಲ್ಲ ಇಂಜಿನಿಯರರನ್ನು ಕೇಳದೆ ಮುಂದುವರಿಯಬಾರದು.

ಜಲ್ಲಿಯನ್ನು ಆರಿಸುವಾಗ ಒಂದು ಪರೀಕ್ಷೆಯಿದೆ. ಕಲ್ಲಿನ ಮೇಲೆ ನಿಂಬೆಯ ರಸ ಹಿಂಡಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶವಿದೆಯೆಂದು ತಿಳಿದು ಬಿಟ್ಟುಬಿಡಬೇಕು. ಅಮೃತಶಿಲೆಯ ಚೂರು ನೋಡಲು ಚೆಂದವಾದರೂ ಇದಕ್ಕೆ ಸಲ್ಲದು. ನಮ್ಮ ಸೀಮೆಯ ಗ್ರಾನೈಟ್ ಜಲ್ಲಿ ಉತ್ತಮ. ದೂಳು ಹೋಗುವವರೆಗೆ ನಾಲ್ಕಾರು ಬಾರಿ ತೊಳೆದು ಹಾಕಬೇಕು. ಹೊಸ ಸಿಮೆಂಟಿನ ತೊಟ್ಟಿಯೂ ನೀರಿಗೆ ಸುಣ್ಣ ಬಿಡುತ್ತದೆ; ನೀರು ತುಂಬಿ, ಕೆಲವು ದಿನ ಬಿಟ್ಟು, ಚೆಲ್ಲಿ, ಮತ್ತೆ ತುಂಬುವ ಕೆಲಸವನ್ನು ಹಲವು ಬಾರಿ ಮಾಡಿದ ನಂತರವೇ ಅದು ಮೀನಿಗೆ ಯೋಗ್ಯವಾಗುತ್ತದೆ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು. ಕೊಳವೆಬಾವಿಯ ನೀರು ಬಹಳ ಗಡಸಾಗಿದ್ದಲ್ಲಿ ಮಾಳಿಗೆಯಿಂದ ಹಿಡಿದಿಟ್ಟ ಮಳೆಯ ನೀರನ್ನು ಬೆರೆಸುವುದು ಒಳಿತು. ನೀರಿನ ಹುಳಿ-ಕ್ಷಾರಗಳನ್ನು ಅಳೆಯುವ ಪಿ.ಎಚ್. ಕಾಗದ ಅಂಗಡಿಗಳಲ್ಲಿ ದೊರೆಯುತ್ತದೆ. 7ರ ಆಸುಪಾಸಿನಲ್ಲಿದ್ದರೆ ಮೀನು, ಗಿಡ, ಅಣುಜೀವಿ ಮೂವರಿಗೂ ಹಿತ.

ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ತಾಳ್ಮೆ. ಅಣುಜೀವಿಗಳ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಎರಡು ಮೂರು ಮೀನುಗಳನ್ನಷ್ಟೇ ಬಿಟ್ಟು, ಮೇವು ಅತಿ ಕಡಿಮೆ ಹಾಕಿ, ನೀರನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಅಮೋನಿಯಾ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ನೈಟ್ರೇಟ್ ಕಾಣಿಸಿಕೊಂಡಿತೆಂದರೆ ಮನೆ ತುಂಬಿಸಿಕೊಳ್ಳಲು ಮುಹೂರ್ತ ಬಂದಿತೆಂದು ತಿಳಿಯಬೇಕು. ನಾವು ಹನ್ನೆರಡು ಗೋಲ್ಡ್‌ಫಿಶ್‌ಗಳಿಗೆ ನಿಂತೆವು. ಕೋಯಿ ಎಂಬ ಜಪಾನಿನ ಮೀನು ಇನ್ನೂ ಚೆಲುವಾದುದು. ಆದರೆ ಅದು ಎರಡು ಅಡಿ ಬೆಳೆಯುವ ಮೀನು, ಇಷ್ಟು ಸಣ್ಣ ಕೊಳದಲ್ಲಿ ಅದನ್ನಿಡುವುದು ಸೆರೆಮನೆಯಲ್ಲಿಟ್ಟಂತೆ. ಗೋಲ್ಡ್‌ಫಿಶ್ ಸೊಳ್ಳೆಯ ಮರಿಗಳನ್ನು ತಿಂದುಹಾಕುವುದರಿಂದ ಡೆಂಗ್ಯೂ ಭಯವೂ ಇಲ್ಲ.

ಮೇವಿನ ಲೆಕ್ಕವನ್ನು ಗಿಡದಿಂದ ಹಿಡಿಯಬೇಕು. ಸೊಪ್ಪು ಬೆಳೆಯುವ ಮಡಿಯ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಎಂಬುದು ಆಹಾರ ಮತ್ತು ಕೃಷಿ ಸಂಸ್ಥೆಯ ಕೈಪಿಡಿಯ ಅಳತೆ. ನಮ್ಮ ಮಡಿ ಅದರ ಅರ್ಧಕ್ಕಿಂತ ತುಸು ಹೆಚ್ಚು. ಆದ್ದರಿಂದ ಬೆಳೆದ ಹನ್ನೆರಡು ಮೀನುಗಳು ತಿನ್ನುವ ಇಪ್ಪತ್ತು ಇಪ್ಪತ್ತೈದು ಗ್ರಾಂ ಮೇವು ಸರಿಹೋಗುತ್ತದೆ. ಐದು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಬೇಕು. ಮನೆಗೆ ಬಂದ ಮಕ್ಕಳು ಪ್ರೀತಿಯಿಂದ ಎಸೆಯುವ ಮಂಡಕ್ಕಿ, ಪುಷ್ಕರಣಿಯೆಂದು ಭಾವಿಸಿ ಹಿರಿಯರು ಹಾಕುವ ನಾಣ್ಯ, ಅರಿಶಿನ, ಕುಂಕುಮ, ಇವೆಲ್ಲವೂ ಅಲ್ಲಿ ಕೇಡೇ. ತಾಮ್ರವಂತೂ ಮೀನಿಗೆ ವಿಷ. ತಾಮ್ರದ ಬಿಂದಿಗೆ ದೇವರ ಮನೆಯಲ್ಲಿರಲಿ. ಗಿಡಕ್ಕೆ ಹುಳ ಬಿದ್ದರೆ ಔಷಧ ಹೊಡೆಯುವಂತಿಲ್ಲ, ಕೈಯಿಂದಲೇ ಆರಿಸಬೇಕು. ಮೀನಿಗೆ ಕಾಯಿಲೆಯಾದರೆ ಕೊಳಕ್ಕೆ ಉಪ್ಪು ಸುರಿಯುವಂತಿಲ್ಲ, ಬೇರೆ ಪಾತ್ರೆಯಲ್ಲಿಟ್ಟು ಉಪಚರಿಸಬೇಕು. ಒಬ್ಬರಿಗೆ ಕೊಡುವ ಮದ್ದು ಇನ್ನೊಬ್ಬರಿಗೆ ವಿಷವಾಗುವ ಅವಿಭಕ್ತ ಕುಟುಂಬವಿದು.

ಪಾಲಕ್, ಪುದೀನ, ಬಸಳೆ, ಕೊತ್ತಂಬರಿ ಇವು ಈ ಮಡಿಗೆ ಒಗ್ಗುತ್ತವೆ. ಗಜ್ಜರಿ, ಮೂಲಂಗಿಯಂತಹ ಗಡ್ಡೆಗಳಿಗೆ ಜಲ್ಲಿ ಹಿತವಲ್ಲ. ನಮ್ಮ ಪಾಲಕ್ ಎಲೆಗಳು ಒಮ್ಮೆ ನರಗಳು ಮಾತ್ರ ಹಸಿರಾಗಿ ಉಳಿದು ಉಳಿದೆಲ್ಲ ಹಳದಿಯಾದವು. ಬಲ್ಲವರು ಕಬ್ಬಿಣದ ಕೊರತೆಯೆಂದರು. ಸಂಡೂರಿನಲ್ಲಿರುವ ನಮ್ಮ ಅಕ್ಕನವರು ಇದನ್ನು ಕೇಳಿ, “ಕಬ್ಬಿಣದ ಕೊರತಿ ಅಂತ ಹೊಸಪೇಟೆಯವರು ಹೇಳತೀರಲ್ಲ! ಬರ್ರಿ, ನಮ್ಮ ಗುಡ್ಡದಾಗಿಂದ ಒಂದು ಬುಟ್ಟಿ ತುಂಬಿಕೊಡತೀನಿ” ಎಂದು ನಕ್ಕರು. ಸಂಡೂರಿನ ಕೆಂಪು ಬೆಟ್ಟಗಳು ಉಕ್ಕಿನ ಕಾರ್ಖಾನೆಗಳಿಗೇ ಅದಿರು ಕೊಡುತ್ತಿರುವುದು ನಿಜ. ಆದರೆ ಆ ಅದಿರು ತುಕ್ಕು ಹಿಡಿದ ರೂಪದ ಕಬ್ಬಿಣ. ನೀರಿನಲ್ಲಿ ಕರಗದು, ಬೇರಿಗೆ ದಕ್ಕದು. ಬುಟ್ಟಿಗಟ್ಟಲೆ ಹಾಕಿದರೂ ಎಲೆ ಹಳದಿಯಾಗಿಯೇ ಉಳಿಯುತ್ತದೆ. ಗಿಡ ಹೀರಬಲ್ಲ ಕೀಲೇಟ್ ರೂಪದ ಕಬ್ಬಿಣ ಬೇರೆ, ಅದರಲ್ಲಿ ಡಿ.ಟಿ.ಪಿ.ಎ. ಎಂಬ ಬಗೆ ಇಂತಹ ನೀರಿಗೆ ತಕ್ಕುದು. ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣದಂತೆ ಮೂರು ವಾರಕ್ಕೊಮ್ಮೆ ಹಾಕಿದರೆ ಸಾಕು. ಪೊಟ್ಟಣದ ಮೇಲೆ ಕಬ್ಬಿಣದ ಪ್ರಮಾಣ ಎಷ್ಟೆಂದು ಓದಿ ಲೆಕ್ಕ ಹಾಕಬೇಕು. ಕೆಲವು ವಾರಗಳಲ್ಲಿ ಹೊಸ ಎಲೆಗಳು ಹಸಿರಾಗಿ ಬಂದವು. ಪಕ್ಕದಲ್ಲಿಯೇ ಬೆಟ್ಟದಷ್ಟು ಇದ್ದರೂ ಜೀರ್ಣವಾಗುವ ರೂಪದಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲವೆಂಬುದನ್ನು ಆ ಎಲೆಗಳು ತೋರಿಸಿಕೊಟ್ಟವು.

ಸೊಪ್ಪು ಬೆಳೆದ ಮೇಲೆ ತಾಯಿಯವರ ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಜಲ್ಲಿಯ ಮೇಲ್ಪದರವನ್ನು ಒಂದೆರಡು ಅಂಗುಲ ಒಣಗಿರುವಂತೆ ಬಿಟ್ಟು, ಕೊಳದ ನೀರು ಎಲೆಗೆ ತಾಗದಂತೆ ನೋಡಿಕೊಳ್ಳುವುದು ನಿಯಮ. ಮನುಷ್ಯರ ಹೊಟ್ಟೆ ಕೆಡಿಸುವ ರೋಗಾಣುಗಳು ಹೆಚ್ಚಾಗಿ ಬರುವುದು ಹಕ್ಕಿ, ಇಲಿ, ಬೆಕ್ಕು ಮತ್ತು ನಮ್ಮದೇ ಕೈಗಳಿಂದ. ಆದುದರಿಂದ ಕೊಳಕ್ಕೆ ಬಲೆ ಹೊದಿಸಿ, ಕೈ ತೊಳೆದು ಸೊಪ್ಪು ಕೊಯ್ದು, ಶುದ್ಧ ನೀರಿನಲ್ಲಿ ತೊಳೆದು, ಬೇಯಿಸಿ ಉಣ್ಣುತ್ತೇವೆ. ತಾಯಿಯವರು ಇದನ್ನೆಲ್ಲ ಕೇಳಿಸಿಕೊಂಡರು. ಆದರೆ ಪಲ್ಯವನ್ನು ಮುಟ್ಟಲಿಲ್ಲ. ನಾವೂ ಒತ್ತಾಯಿಸಲಿಲ್ಲ.

ನಮ್ಮ ಸೀಮೆಯ ಬೇಸಗೆ ಎಂಥದೆಂದು ಹೇಳಬೇಕಾಗಿಲ್ಲ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 35 ಡಿಗ್ರಿಯ ನೀರು ಹಿಡಿಯುವುದು 7 ಮಾತ್ರ. ಬಿಸಿಲು ಏರಿದಷ್ಟೂ ಮೀನಿಗೆ ಉಸಿರು ಕಡಿಮೆ. ಇದಕ್ಕಾಗಿ ಕೊಳದ ಮೇಲೆ ಹಸಿರು ನೆರಳುಬಟ್ಟೆ ಕಟ್ಟಿದ್ದೆವು. ವಿದ್ಯುತ್ ಹೋದರೆ ಇರಲೆಂದು ಬ್ಯಾಟರಿಯಿಂದ ಗಾಳಿ ಊದುವ ಯಂತ್ರವನ್ನೂ ಇಟ್ಟಿದ್ದೆವು. ಒಂದು ಮೇ ತಿಂಗಳ ಸಂಜೆ ಬಿರುಗಾಳಿಗೆ ಮರಗಳುರುಳಿ ಕರೆಂಟು ಹೋಯಿತು. ಬ್ಯಾಟರಿ ನಡುರಾತ್ರಿಯವರೆಗೆ ಬಂದು ನಿಂತಿತು. ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಉಳಿದ ಉಪಾಯ ಒಂದೇ: ನೀರನ್ನು ಮೊಗೆದು ಎತ್ತರದಿಂದ ಸುರಿಯುವುದು. ಬೀಳುವ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ. ಮನೆಯವರೆಲ್ಲ ಸರದಿಯಂತೆ ಕೊಡ ಹಿಡಿದು ನಿಂತೆವು. ರಾತ್ರಿ ಮೂರರ ಸುಮಾರಿಗೆ ತಾಯಿಯವರು ಎದ್ದು ಬಂದರು. ಏನೂ ಹೇಳದೆ ಸೊಸೆಯ ಕೈಯಿಂದ ಕೊಡ ತೆಗೆದುಕೊಂಡು, “ನೀ ಹೋಗಿ ಮಕ್ಕೋವ್ವ” ಎಂದು ಕಳಿಸಿ, ಕೊಳದ ಕಟ್ಟೆಯ ಮೇಲೆ ಕುಳಿತು ಸುರಿಯತೊಡಗಿದರು. ಬೆಳಗು ಹರಿಯುವವರೆಗೆ ಅವರು ಏಳಲಿಲ್ಲ. ಎರಡು ಮೀನು ಸತ್ತಿದ್ದವು, ಹತ್ತು ಬದುಕಿದವು. ಸತ್ತವನ್ನು ಅವರೇ ನಿಂಬೆಯ ಗಿಡದ ಬುಡದಲ್ಲಿ ಹೂಳಿಸಿದರು. ಅಲ್ಲಿಯವರೆಗೆ “ನಿಮ್ಮ ಮೀನು” ಎನ್ನುತ್ತಿದ್ದವರು ಅಂದಿನಿಂದ “ನಮ್ಮ ಮೀನು” ಎನ್ನತೊಡಗಿದರು. ಕೆಲವು ದಿನಗಳ ನಂತರ ಬಸಳೆಯ ಸಾರನ್ನೂ ಉಂಡರು. ಪೂಜೆಯ ಹೂವು ಪತ್ರೆಗಳನ್ನು ಮಾತ್ರ ಇಂದಿಗೂ ನೆಲದಲ್ಲಿ ಬೆಳೆದ ಗಿಡದಿಂದಲೇ ತರುತ್ತಾರೆ. ಅದು ಅವರ ನಿಷ್ಠೆ; ಅದನ್ನು ನಾವು ಪ್ರಶ್ನಿಸುವುದಿಲ್ಲ.

ಅಂದಿನ ರಾತ್ರಿಯಿಂದ ಒಂದು ಸಂಗತಿ ನಮಗೆ ಮನದಟ್ಟಾಯಿತು. ಹೊಳೆಯ ಮೀನು ಯಾರ ಹಂಗಿನಲ್ಲಿಯೂ ಇಲ್ಲ. ಕೊಳದ ಮೀನು ನಮ್ಮ ಆಶ್ರಿತ ಜೀವ. ಅದರ ಉಸಿರು ನಮ್ಮ ಪಂಪಿನಲ್ಲಿದೆ, ಅದರ ಅನ್ನ ನಮ್ಮ ಮುಷ್ಟಿಯಲ್ಲಿದೆ. ಅಲಂಕಾರಕ್ಕೆಂದು ತಂದ ಜೀವಿಯು ಮನೆಗೆ ಬಂದ ಕ್ಷಣದಿಂದ ಅಲಂಕಾರದ ವಸ್ತುವಾಗಿ ಉಳಿಯುವುದಿಲ್ಲ. ಈ ಹೊಣೆಯನ್ನು ಹೊರಲು ಮನೆಮಂದಿ ಸಿದ್ಧರಿದ್ದರೆ ಮಾತ್ರ ಕೊಳ ಕಟ್ಟಬೇಕು. ಇಲ್ಲವಾದರೆ ಮಣ್ಣಿನ ಕುಂಡಗಳಲ್ಲಿ ಸೊಪ್ಪು ಬೆಳೆಯುವುದೇ ಲೇಸು.

ಸಾಕಲಾಗದೆಂದು ಬೇಸತ್ತು ಮೀನುಗಳನ್ನು ಕಾಲುವೆಗೋ ಹೊಳೆಗೋ ಬಿಡುವುದುಂಟು. ದಯೆಯೆಂದು ತೋರುವ ಈ ಕೆಲಸ ದೊಡ್ಡ ಅಪಾಯ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಹೊಳೆಯನ್ನು ಸರಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ನೀರುನಾಯಿಗಳು ಬದುಕುವುದು ಅಲ್ಲಿಯ ಮೂಲ ಮೀನುಗಳಿಂದ. ಹೊರಗಿನ ತಳಿ ಒಮ್ಮೆ ಸೇರಿಕೊಂಡರೆ ಅದನ್ನು ಹಿಡಿದು ತೆಗೆಯುವುದು ಯಾರಿಂದಲೂ ಸಾಧ್ಯವಿಲ್ಲ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯೇ ಮುಳುಗುವುದನ್ನು ಕಂಡವರು ನಾವು. ಹೊಳೆಯ ದಂಡೆಯ ತಗ್ಗಿನ ಮನೆಗಳವರು ಪ್ರವಾಹ ಬಂದರೆ ಕೊಳದ ಮೀನು ಎಲ್ಲಿಗೆ ಹೋದೀತೆಂದು ಮೊದಲೇ ಯೋಚಿಸಬೇಕು. ಸಾಕಲಾರದ ಮೀನನ್ನು ಸಾಕಬಲ್ಲ ಇನ್ನೊಂದು ಮನೆಗೆ ಕೊಡುವುದೇ ಸರಿಯಾದ ದಾರಿ.

ನೀರಿನ ಲೆಕ್ಕ ಹೇಳಿ ಮುಗಿಸುತ್ತೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ಯಾವ ಮನೆಯಲ್ಲಿಯೂ ನೆಮ್ಮದಿಯ ನಿದ್ರೆಯಿರಲಿಲ್ಲ. ತಾತ್ಕಾಲಿಕ ಗೇಟು ಕೂಡಿಸುವವರೆಗಿನ ಆ ಒಂದು ವಾರ ಕಂಪ್ಲಿಯ ಭತ್ತದ ರೈತರು ಹರಿದುಹೋಗುವ ನೀರನ್ನು ಎಣಿಸುತ್ತ ಕುಳಿತಿದ್ದರು. ದೊಡ್ಡ ಅಣೆಕಟ್ಟೆ ನಮ್ಮ ಕೈಯಲ್ಲಿಲ್ಲ. ಅಂಗಳದ ನೀರು ನಮ್ಮ ಕೈಯಲ್ಲಿದೆ. ಇಂತಹ ಏರ್ಪಾಡಿನಲ್ಲಿ ದಿನಕ್ಕೆ ಕಡಿಮೆಯಾಗುವ ನೀರು ನೂರಕ್ಕೆ ಒಂದರಿಂದ ಮೂರು ಪಾಲು. ಎಂದರೆ 1000 ಲೀಟರಿನ ಕೊಳಕ್ಕೆ ಹತ್ತರಿಂದ ಮೂವತ್ತು ಲೀಟರ್, ಕಡು ಬೇಸಗೆಯಲ್ಲಿ ತುಸು ಹೆಚ್ಚು. ಇಪ್ಪತ್ತು ವ್ಯಾಟಿನ ಪಂಪು ಹಗಲಿರುಳು ನಡೆದರೂ ತಿಂಗಳಿಗೆ ಹದಿನೈದು ಯೂನಿಟ್ ಆಗುವುದಿಲ್ಲ. ಇದರಿಂದ ಮನೆಯ ಕಾಯಿಪಲ್ಯದ ಖರ್ಚೆಲ್ಲ ಉಳಿಯುವುದೆಂದು ನಾವು ಹೇಳುವುದಿಲ್ಲ. ವಾರಕ್ಕೆ ಎರಡು ಮೂರು ಬಾರಿ ಸೊಪ್ಪು ದೊರೆಯುತ್ತದೆ. ಹೆಚ್ಚಾದುದು ನೆರೆಮನೆಗೆ ಹೋಗುತ್ತದೆ.

ಕೊಟ್ಟೂರಿನ ಜಾತ್ರೆಗೆ ನಾವು ಹೊರಟಾಗ ಅದೇ ನೆರೆಮನೆಯವರು ಕೊಳವನ್ನು ನೋಡಿಕೊಳ್ಳುತ್ತಾರೆ. ಎರಡು ಮೂರು ದಿನ ಮೇವಿಲ್ಲದಿದ್ದರೂ ಮೀನಿಗೆ ಬಾಧೆಯಿಲ್ಲ, ಪಂಪು ನಿಲ್ಲದಿದ್ದರೆ ಸಾಕು ಎಂದು ಅವರಿಗೆ ಹೇಳಿರುತ್ತೇವೆ. ಈಗ ಅವರ ಅಂಗಳದಲ್ಲಿಯೂ ಒಂದು ತೊಟ್ಟಿ ಎದ್ದಿದೆ. ಅದರ ಮಡಿಗೆ ಬೇಕಾದ ಅಣುಜೀವಿಗಳ ಬೀಜವಾಗಿ ನಮ್ಮ ಮಡಿಯ ಒಂದು ಬುಟ್ಟಿ ಹಳೆಯ ಜಲ್ಲಿಯನ್ನು, ಒಣಗುವ ಮುನ್ನ ತೆಗೆದುಕೊಂಡು ಹೋಗಲು, ಈ ವಾರ ಅವರು ಬರುವವರಿದ್ದಾರೆ.